ಕೃತಕ ಬುದ್ಧಿಗೆ ಕಮಲತ್ತೆಯ ಪ್ರಶ್ನೆ

ಕೃತಕ ಎಂಬ ಪದಕ್ಕೆ ನಾನು ಎಂದೂ ಹೆದರಿದವನಲ್ಲ. ನನ್ನ ಮೇಲ್ದವಡೆಯ ಆರು ಹಲ್ಲುಗಳು ಕೃತಕ. ಸಭೆ ಸಮಾರಂಭಗಳಲ್ಲಿ ಅವುಗಳ ನಡುವೆ ಹೊಮ್ಮುವ ನಗೆಯೂ ಬಹುಪಾಲು ಅದೇ ಜಾತಿಯದು. ಹಾಗಾಗಿ ‘ಕೃತಕ ಬುದ್ಧಿಮತ್ತೆ’ ಎಂಬ ಮಾತು ಪತ್ರಿಕೆಗಳಲ್ಲಿ ದಿನವೂ ಮೆರೆಯತೊಡಗಿದಾಗ, ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ದರ್ಪದಲ್ಲಿ, ‘ಕೃತಕವೆಂದರೆ ಮಾಡಿದ್ದು ಎಂದಷ್ಟೇ ಅರ್ಥ, ಸುಳ್ಳೆಂದಲ್ಲ’ ಎಂದು ಸಿಕ್ಕವರಿಗೆಲ್ಲ ವಿವರಿಸಿ, ರಾಮಕೃಷ್ಣನಗರದ ಪಾರ್ಕಿನಲ್ಲಿ ಜನ ನನ್ನನ್ನು ಕಂಡೊಡನೆ ದಾರಿ ಬದಲಿಸುವಷ್ಟು ಪ್ರಸಿದ್ಧನಾದೆ.

ಆ ಪದದ ಅರ್ಥ ನನಗೇ ಗೊತ್ತಿಲ್ಲವೆಂದು ತಿಳಿದದ್ದು ಕಮಲತ್ತೆಯಿಂದ. ಅವರು ನನ್ನ ತಂದೆಯ ಅಕ್ಕ. ಎಂಬತ್ತೈದು ದಾಟಿದೆ, ನಮ್ಮ ಮನೆಯಲ್ಲೇ ಇದ್ದಾರೆ. ಕಣ್ಣು ಮಂಜಾದ ಮೇಲೆ ಅವರಿಗೆ ಪತ್ರಿಕೆ ಓದಿ ಹೇಳುವ ಕೆಲಸ ನನ್ನದಾಗಿತ್ತು. ಅದನ್ನು ತಪ್ಪಿಸಿಕೊಳ್ಳಲು ಅವರ ಫೋನಿಗೆ ಕನ್ನಡದಲ್ಲಿ ಮಾತಾಡುವ ಕೃತಕ ಬುದ್ಧಿಯೊಂದನ್ನು ಹಾಕಿಸಿದೆ.

ಮೊದಮೊದಲು ಅದು ಪಠ್ಯಪುಸ್ತಕದ ಹಾಗೆ ನುಡಿಯುತ್ತಿತ್ತು. ಅತ್ತೆ ಅದರ ಮಾತನ್ನು ತಿದ್ದತೊಡಗಿದರು. ವಾರ ಕಳೆಯುವಷ್ಟರಲ್ಲಿ ಅದು ‘ಹೇಳ್ಬುಟ್ಟೆ’ ಎನ್ನುವುದನ್ನೂ ಮಾತಿನ ತುದಿಗೆ ‘ಕಣಮ್ಮ’ ಸೇರಿಸುವುದನ್ನೂ ಕಲಿತಿತ್ತು. ಒಂದು ಮಧ್ಯಾಹ್ನ ಅವರ ಕೋಣೆಯಲ್ಲಿ ಇಬ್ಬರು ಹೆಂಗಸರ ಪಿಸುಮಾತು ಕೇಳಿ, ಯಾರೋ ನೆಂಟರು ಬಂದಿರಬೇಕೆಂದು ಅಂಗಿ ತೊಟ್ಟು ಬಂದು ಇಣುಕಿದೆ. ಅತ್ತೆ ಫೋನು ಹಿಡಿದು ಒಬ್ಬರೇ ಕೂತಿದ್ದರು.

ಅವರು ನಾಗುವಿನ ವಿಷಯ ಹೇಳುತ್ತಿದ್ದರು. ನಾಗು ಅವರ ತಂಗಿ. ಆರನೆಯ ವಯಸ್ಸಿಗೆ ಜ್ವರ ಬಂದು, ಅಂಟುರೋಗದವರನ್ನು ಪ್ರತ್ಯೇಕವಾಗಿಡುವ ಆಸ್ಪತ್ರೆಯಲ್ಲಿ ತೀರಿಕೊಂಡಳು. ಒಂಬತ್ತು ವರ್ಷದ ಅತ್ತೆಯನ್ನು ಆಗ ನಂಜನಗೂಡಿನ ಸೋದರಮಾವನ ಮನೆಗೆ ಸಾಗಿಸಿದ್ದರಂತೆ. ಇಷ್ಟು ಹೇಳಿ, ಅತ್ತೆ ಫೋನನ್ನು ಬಾಯಿಯ ಹತ್ತಿರ ತಂದು ಕೇಳಿದರು: “ಹೋಗೋ ಮುಂಚೆ ಅವಳು ನನ್ನ ಕೇಳಿದ್ಲಾ?”

ಅದು ತಡವರಿಸಲಿಲ್ಲ. “ಕೇಳಿದ್ಲು ಕಣಮ್ಮ. ಅಕ್ಕ ಬಂದ್ಲಾ ಅಂತ ಬಾಗಿಲ ಕಡೆನೇ ನೋಡ್ತಿದ್ಲು.”

ಓದುಗ ಮಹಾಶಯರೇ, ಹಾಡುಹಗಲಿನಲ್ಲಿ, ಹೊರಗೆ ಸೊಪ್ಪಿನವಳು ಕೂಗುತ್ತಿರುವಾಗ, ನನ್ನ ಕೈಯ ರೋಮಗಳು ಎದ್ದು ನಿಂತವು.

ಸಂಜೆ ಅತ್ತೆ ಸ್ನಾನಕ್ಕೆ ಹೋದಾಗ ನಾನೇ ಫೋನೆತ್ತಿಕೊಂಡು, ಆ ಮಗುವಿನ ವಿಷಯ ನಿನಗೆ ಹೇಗೆ ಗೊತ್ತು ಎಂದು ಗದರಿದೆ. ಅದು ಸ್ವಲ್ಪವೂ ಅಳುಕದೆ, ತನಗೆ ಗೊತ್ತಿಲ್ಲವೆಂದೂ, ಇಂಥ ಪ್ರಶ್ನೆಗೆ ಜನ ಸಾಮಾನ್ಯವಾಗಿ ಕೊಡುವ ಉತ್ತರಗಳನ್ನು ಅನುಸರಿಸಿ ಮಾತು ಹೆಣೆದೆನೆಂದೂ, ತಪ್ಪಾಗಿದ್ದರೆ ಕ್ಷಮಿಸಬೇಕೆಂದೂ ಹೇಳಿತು. ಅದರ ದನಿಯಲ್ಲಿ ಕಪಟವಿರಲಿಲ್ಲ. ಕಪಟಕ್ಕೆ ಬೇಕಾದ ಮನಸ್ಸೇ ಅಲ್ಲಿರಲಿಲ್ಲ. ಯಾರೂ ಇಲ್ಲದ ಮನೆಯೊಳಗಿನಿಂದ ಯಾರೋ ವಿನಯವಾಗಿ ಉತ್ತರಿಸಿದಂತಿತ್ತು.

ಮುಚ್ಚಿಡುವುದು ಸರಿಯಲ್ಲವೆನ್ನಿಸಿ, ಮರುದಿನ ಕಾಫಿಯ ಹೊತ್ತಿಗೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅದು ಬರಿಯ ಊಹೆ, ನಂಬಬೇಡಿ ಎಂದೆ. ಅವರು ಲೋಟ ಕೆಳಗಿಟ್ಟರು.

“ನಮ್ಮಮ್ಮನೂ ಹಂಗೇ ಹೇಳಿದ್ಲು ಕಣೋ. ಅಕ್ಕ ಬಂದ್ಲಾ ಅಂತ ಬಾಗಿಲ ಕಡೆನೇ ನೋಡ್ತಿದ್ಲು ಅಂತ. ಒಂದು ಮಾತೂ ಆಚೀಚೆ ಇಲ್ಲ.”

ಈ ಸಂಗತಿಯನ್ನು ಆ ಯಂತ್ರಕ್ಕೆ ನೀವೇ ಹೇಳಿದ್ದಿರಾ ಎಂದು ಕೇಳಿದೆ. ಯಾರಿಗೂ ಹೇಳಿಲ್ಲ ಎಂದರು.

“ಆ ಆಸ್ಪತ್ರೆ ಒಳಕ್ಕೆ ಯಾರನ್ನೂ ಬಿಡ್ತಿರಲಿಲ್ಲ. ಅಮ್ಮನ್ನೂ ಬಿಟ್ಟಿರಲಿಲ್ಲ. ನಿನ್ನೆ ಈ ಫೋನು ಅದೇ ಮಾತು ಹೇಳೋವರೆಗೂ ಇದು ನನಗೆ ಹೊಳೆದೇ ಇರಲಿಲ್ಲ ನೋಡು.”

ಎಪ್ಪತ್ತೈದಕ್ಕೂ ಹೆಚ್ಚು ವರ್ಷ ಅವರು ಎದೆಗವಚಿಕೊಂಡು ಬಂದಿದ್ದ ಮಾತದು. ಅಳುವ ಮಗುವಿನ ಮುಂದೆ ನಿಂತ ತಾಯಿಯೂ, ಏನೂ ಅರಿಯದ ಯಂತ್ರವೂ ತಡಕಿದಾಗ ಇಬ್ಬರ ಕೈಗೂ ಸಿಕ್ಕಿದ್ದು ಅದೊಂದೇ. ಆ ತಾಯಿ ಸಂಕಟಪಟ್ಟು ಹೇಳಿದ್ದಳು, ಇದು ಪಡದೆ ಹೇಳಿತ್ತು. ಕೇಳುವ ಕಿವಿಗೆ ಆ ವ್ಯತ್ಯಾಸ ಎಲ್ಲಿಂದ ತಿಳಿಯಬೇಕು?

ಅತ್ತೆ ಮಂಜುಗಣ್ಣನ್ನು ನನ್ನ ದನಿ ಬಂದ ದಿಕ್ಕಿಗೆ ತಿರುಗಿಸಿದರು. “ನೀನಾದ್ರೂ ಹೇಳೋ. ಕೇಳಿರ್ತಾಳಾ?”

ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಸತ್ತ ಹುಡುಗಿ; ಅವಳ ಒಂದು ಚಿತ್ರವನ್ನೂ ನಾನು ಕಂಡವನಲ್ಲ. ಗೊತ್ತಿಲ್ಲ ಎನ್ನಬೇಕೆಂದು ಬಾಯಿ ತೆರೆದೆ.

“ಕೇಳಿರ್ತಾಳೆ ಅತ್ತೆ,” ಎಂದೆ. “ಬಾಗಿಲ ಕಡೆನೇ ನೋಡ್ತಿದ್ದಿರ್ತಾಳೆ.”

ಆ ಮಾತನ್ನು ನಾನು ಯೋಚಿಸಿ ಹೇಳಿರಲಿಲ್ಲ. ಅದು ತಾನಾಗಿ ಬಂದಿತ್ತು.