ದೋಣಿಯ ಮರದ ಮೇಲೆ ಕರೆಂಟು ತಂತಿ

1938ರಲ್ಲಿ ನಾನು ಮಂಗಳೂರಿನಲ್ಲಿ ವಿದ್ಯುತ್ ಸರಬರಾಜು ಕಂಪೆನಿಯೊಂದರ ಟೆಸ್ಟಿಂಗ್ ಇನ್‌ಸ್ಪೆಕ್ಟರ್ ಆಗಿದ್ದೆ. ಹೊಸ ಮನೆಗಳ ವೈರಿಂಗ್ ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಸಂಪರ್ಕಕ್ಕೆ ಒಪ್ಪಿಗೆ ಕೊಡುವುದು ನನ್ನ ಕೆಲಸ. ಜೊತೆಗೆ ಸದಾ ಒಂದು ಮೆಗ್ಗರ್ ಇರುತ್ತಿತ್ತು. ಹಿಡಿಕೆ ತಿರುಗಿಸಿ ನಡೆಸುವ ಈ ಪುಟ್ಟ ಪೆಟ್ಟಿಗೆ, ತಂತಿಯ ವಿದ್ಯುತ್ ಹೊರಗೆ ಸೋರದಂತೆ ಎಷ್ಟು ಭದ್ರವಾಗಿದೆ ಎಂದು ಅಳೆಯುತ್ತದೆ. ಇದೇ ಇನ್ಸುಲೇಶನ್ ರೆಸಿಸ್ಟೆನ್ಸ್. ಮನೆಯೊಂದಕ್ಕೆ ಕನಿಷ್ಠ ಒಂದು ಮೆಗಾಓಮ್ ಬೇಕೆಂದು ನಮ್ಮ ಲೆಕ್ಕ. ದಾರಿಯಲ್ಲಿ ಜನ ಅದನ್ನು ಕಾಫಿ ಬೀಜ ಪುಡಿ ಮಾಡುವ ಮಿಷನ್ ಎಂದುಕೊಳ್ಳುತ್ತಿದ್ದರು. ತಿದ್ದುವ ಗೋಜಿಗೆ ನಾನು ಹೋಗುತ್ತಿರಲಿಲ್ಲ.

ಆ ವರ್ಷ ಮಳೆ ಹಿಡಿದ ಮೇಲೆ ಫಳ್ನೀರಿನ ಒಂದು ಹೊಸ ಮನೆಗೆ ಹೋದೆ. ಬೆಂಗ್ರೆಯ ಮೀನುಗಾರ ಮನೆತನದ ವಾಸು, ಮೀನಿನ ವ್ಯಾಪಾರ ಕೈಹಿಡಿದ ಮೇಲೆ ಹೊಳೆ ದಾಟಿ ಬಂದು ಕಟ್ಟಿಸಿದ ಮನೆ. ತಾಯಿ ಸೇಸಮ್ಮ ಮತ್ತು ತುಂಬು ಬಸುರಿ ಹೆಂಡತಿ ಜೊತೆಗಿದ್ದರು. ಬಲ್ಬುಗಳನ್ನು ಕಳಚಿಸಿ, ಮೆಗ್ಗರಿನ ಒಂದು ತುದಿಯನ್ನು ತಂತಿಗೆ, ಇನ್ನೊಂದನ್ನು ನೆಲಕ್ಕೆ ಹೂತ ಕೊಳವೆಗೆ ಜೋಡಿಸಿ ಹಿಡಿಕೆ ತಿರುಗಿಸಿದೆ. ಮುಳ್ಳು ಸೊನ್ನೆಯ ಬಳಿಯಿಂದ ಏಳಲೇ ಇಲ್ಲ.

ಒಂದು ಕೋಣೆಯ ತಂತಿಯನ್ನು ಗೋಡೆಯ ಮರದ ಪಟ್ಟಿಯಿಂದ ಬಿಡಿಸಿ ಪ್ರತ್ಯೇಕವಾಗಿ ಅಳೆದೆ. ಅದು ಚೆನ್ನಾಗಿಯೇ ಇತ್ತು. ಹಾಗಾದರೆ ದೋಷ ಮರದ್ದು. ಆಗೆಲ್ಲ ತಂತಿಗಳನ್ನು ಗೋಡೆಯ ಮೇಲೆ ಮರದ ಪಟ್ಟಿಗಳೊಳಗೆ ಹಾಯಿಸಿ, ಸ್ವಿಚ್ಚುಗಳನ್ನು ಮರದ ಬಿಲ್ಲೆಗಳ ಮೇಲೆ ಕೂರಿಸುತ್ತಿದ್ದರು. ಎಲ್ಲರೂ ಹೊಸ ಸಾಗುವಾನಿ ಹಾಕಿಸಿದರೆ ಇಲ್ಲಿದ್ದದ್ದು ಕಪ್ಪಗಾದ ಹಳೇ ಮರ. ಉಗುರಿನಲ್ಲಿ ಕೆರೆದು ನಾಲಗೆಗೆ ಮುಟ್ಟಿಸಿದೆ. ಉಪ್ಪು! ಮಳೆಗಾಲದ ತೇವವನ್ನೆಲ್ಲ ಉಪ್ಪು ಹೀರಿಕೊಂಡಿತ್ತು; ಸ್ವಿಚ್ಚಿನ ಸ್ಕ್ರೂಗಳಿಂದ ವಿದ್ಯುತ್ ಗೋಡೆಗೆ ಸೋರಲು ಅಷ್ಟು ಸಾಕು.

“ಇದು ಎಲ್ಲಿಯ ಮರ ಮಾರಾಯ್ರೆ?” ಎಂದೆ.

“ಅಪ್ಪನ ದೋಣಿಯದ್ದು ಸಾರ್,” ಎಂದ ವಾಸು.

ಒಂದು ದಿನ ಆ ದೋಣಿ ಕಡಲಿನಿಂದ ತಿರುಗಿ ಬಂದಿತ್ತು, ಅಪ್ಪ ಬಂದಿರಲಿಲ್ಲ. ಬೆಂಗ್ರೆ ಬಿಡಲು ಸುತರಾಂ ಒಪ್ಪದಿದ್ದ ಸೇಸಮ್ಮ, ದೋಣಿಯನ್ನು ಕೊಯ್ದು ಹೊಸ ಮನೆಯ ಗೋಡೆಗೆ ಹಾಕಿಸುತ್ತೇನೆಂದು ಮಗ ಮಾತು ಕೊಟ್ಟ ಮೇಲಷ್ಟೇ ಬಂದವರು.

“ಇದನ್ನು ಕಿತ್ತರೆ ಅಮ್ಮ ಇಲ್ಲಿ ನಿಲ್ಲುವುದಿಲ್ಲ. ಎಂತಾದ್ರೂ ಮಾಡಿ ಪಾಸ್ ಮಾಡಿ ಸಾರ್.”

ಮೆಗ್ಗರಿನ ಮುಳ್ಳಿಗೆ ದಾಕ್ಷಿಣ್ಯವಿಲ್ಲ. ಸೇಸಮ್ಮನನ್ನು ಪಕ್ಕಕ್ಕೆ ಕರೆದು ಹಿಡಿಕೆಯನ್ನು ಅವರ ಕೈಗೇ ಕೊಟ್ಟೆ. ಬಿಡಿಸಿದ ತಂತಿಗೆ ಜೋಡಿಸಿದಾಗ ಮುಳ್ಳು ಮೇಲೆ ಹೋಯಿತು. ಮರದಲ್ಲಿದ್ದ ತಂತಿಗೆ ಜೋಡಿಸಿದಾಗ ಸೊನ್ನೆಗೆ ಬಿತ್ತು.

“ಬಿದ್ದರೆ ಎಂತ ಆಗ್ತದೆ?”

“ಕರೆಂಟು ಗೋಡೆಗೆ ಇಳೀತದೆ ಅಮ್ಮ. ಮುಟ್ಟಿದವರಿಗೆ ಹೊಡೀತದೆ.”

ಸೊಸೆ ಅದೇ ಗೋಡೆಗೆ ಒರಗಿ ನಿಂತಿದ್ದಳು. ಸೇಸಮ್ಮ ಅವಳ ತೋಳು ಹಿಡಿದು ಈಚೆಗೆ ಎಳೆದುಕೊಂಡರು. “ನಮ್ಮನ್ನು ಸಾಕಿದ ಮರ ಇದು. ಇದರಿಂದ ಯಾರಿಗೂ ಪೆಟ್ಟಾಗುವುದು ಬೇಡ. ತೆಗೀರಿ. ಬೆಂಗ್ರೆಗೆ ನಾನೇ ತಕೊಂಡು ಹೋಗ್ತೇನೆ.”

ಮರದ ಜೊತೆ ಅಮ್ಮನೂ ಹೊರಟರೆಂದು ವಾಸುವಿನ ಮುಖ ಬಿಳಿಚಿತು. ನನಗೂ ತಡೆಯಲಾಗಲಿಲ್ಲ. “ಮರ ಮನೆಯಲ್ಲಿ ಇರಬಾರದು ಅಂತ ನಾನು ಹೇಳಲಿಲ್ಲ ಅಮ್ಮ. ತಂತಿ ಹತ್ತಿರ ಬೇಡ ಅಂದೆ, ಅಷ್ಟೇ. ದೀಪದ ಕೆಳಗೆ ಒಂದು ಬೆಂಚು ಮಾಡಿಸುವ, ಆಗದಾ?” ಎಂದೆ. ಸೇಸಮ್ಮ ಬೆಂಗ್ರೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಗೋಡೆಗೆ ಸಾಗುವಾನಿ ಪಟ್ಟಿ ಬಂದ ಮೇಲೆ ಜಡಿಮಳೆಯಲ್ಲೇ ಮತ್ತೆ ಅಳೆದೆ. ಮೂರು ಮೆಗಾಓಮ್. ಧಾರಾಳವಾಯಿತು. ಮುಂದೆ ಎಷ್ಟೋ ಮನೆಗಳ ವೈರಿಂಗನ್ನು ಫೇಲ್ ಮಾಡಿದ್ದೇನೆ. ಆದರೆ ‘ಕಿತ್ತು ಹಾಕಿ’ ಎನ್ನುವ ಮೊದಲು ‘ಇದು ಇಲ್ಲಿಗೆ ಹೇಗೆ ಬಂತು’ ಎಂದು ಕೇಳುವುದನ್ನು ನನಗೆ ಕಲಿಸಿದ್ದು ಆ ಮನೆ.

ದೀಪ ಹತ್ತಿದ ಸಂಜೆ ನನ್ನನ್ನೂ ಕರೆದಿದ್ದರು. ಬಲ್ಬಿನ ಕೆಳಗೆ ಹಳೇ ಪಟ್ಟಿಗಳನ್ನು ಜೋಡಿಸಿದ ಬೆಂಚು. ಸೇಸಮ್ಮ ಅದರ ಒಂದು ತುದಿಯಲ್ಲಿ ಕುಳಿತಿದ್ದರು. ನಾನು ಇನ್ನೊಂದು ತುದಿಯಲ್ಲಿ ಕೂರಲು ಹೋದಾಗ ಅವರು ಮೆಲ್ಲನೆ ತಡೆದರು.

“ನಡುವಿನಲ್ಲಿ ಕೂತುಕೊಳ್ಳಿ. ಆ ಬದಿ ವಾಸುವಿನ ಅಪ್ಪನದ್ದು.”