ಸುಣ್ಣ ಉಳಿದ ಪಂಪು

ಮಳೆಗಾಲವಿಡೀ ಅವರ ಉಗುರಿನ ಅಂಚು ನೀಲಿಯಾಗಿರುತ್ತಿತ್ತು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವುದು ಅವರ ಕೆಲಸ. ಎಷ್ಟು ತೊಳೆದರೂ ಆ ಬಣ್ಣ ಹೋಗುತ್ತಿರಲಿಲ್ಲ. ಬಾಳಗಡಿಯಲ್ಲಿ ನನ್ನ ಹೊಲಿಗೆ ಅಂಗಡಿಯ ಹಿಂದಿನ ಮನೆ ಅವರದು. ನಾನು ಅಣ್ಣ ಎನ್ನುತ್ತಿದ್ದೆ.

ಅಂಗಡಿಯ ಎದುರಿನ ಖಾಲಿ ಸೈಟಿನ ತುಂಬ ಪಾರ್ಥೇನಿಯಂ. ಅದು ಬಿಳಿ ಹೂ ಬಿಟ್ಟರೆ ನನಗೆ ಉಬ್ಬಸ. ಹಿಂದಿನ ವರ್ಷ ಎರಡು ತಿಂಗಳು ಬಾಗಿಲು ಹಾಕಿದ್ದೆ. ಈ ಸಲವೂ ಹಾಗಾದರೆ ಅಂಗಡಿಯನ್ನೇ ಬಿಡುವುದೆಂದು ತೀರ್ಮಾನಿಸಿದ್ದೆ.

"ಹೂ ಬರೋ ಮುಂಚೆ ಹೊಡೀಬೇಕು ಮಾರಾಯ್ತಿ" ಎಂದು ಅಣ್ಣ ಸೈಟಿನವರನ್ನು ಕೇಳಿ ಕಳೆನಾಶಕ ಹೊಡೆದರು. ಹತ್ತು ದಿನ ಕಳೆಯಿತು. ಗಿಡ ಸಾಯಲಿಲ್ಲ, ಮೊಗ್ಗು ಬಂತು.

ಪಕ್ಕದ ಚಹಾದಂಗಡಿಯವರು ಕೂಗಿದರು: "ಎಂತ ಮಾರಾಯ, ಗಿಡಕ್ಕೆ ಟಾನಿಕ್ ಹೊಡೆದ್ಯಾ?"

ಎಲ್ಲರೂ ನಕ್ಕರು. ಅಣ್ಣ ಮನೆಗೆ ಹೋಗಿ ಪಂಪು ತಂದರು. ಅವರೆದುರೇ ಮುಚ್ಚಳ ತೆಗೆದು, ಕೈಗವಸು ಹಾಕಿದ ಬೆರಳಿನಿಂದ ತಳ ಉಜ್ಜಿದರು. ಬೆಳ್ಳಗೆ ಬಂತು.

"ನಂದೇ ತಪ್ಪು. ಅಡಿಕೆಗೆ ಹೊಡೆದ ಪಂಪು, ಸರಿಯಾಗಿ ತೊಳೀಲಿಲ್ಲ. ಸುಣ್ಣ ಸೇರಿದ್ರೆ ಈ ಔಷಧಿಗೆ ಶಕ್ತಿಯೇ ಇಲ್ಲ."

ಮತ್ತೆ ಯಾರೂ ನಗಲಿಲ್ಲ.

ಮರುದಿನ ನನ್ನ ಮಿಷನ್ನನ್ನು ಅವರ ಮನೆಯ ಜಗಲಿಗೆ ಸಾಗಿಸಿದರು. "ಹೇಳೋ ತನಕ ಆ ಕಡೆ ತಲೆ ಹಾಕ್ಬೇಡ." ಮೊಗ್ಗು ಬಂದವನ್ನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತಾವೇ ಕಿತ್ತು ಚೀಲಕ್ಕೆ ತುಂಬಿದರು. ಉಳಿದ ಎಳೆ ಗಿಡಗಳಿಗೆ ಹೊಸ ಪಂಪು ತಂದರು. ಹಳ್ಳದ ನೀರು ಕೆಂಪಾಗಿದೆ, ಮಣ್ಣು ಸೇರಿದರೂ ಔಷಧಿ ಕೆಲಸ ಮಾಡದೆಂದು ಬಾವಿಯ ತಿಳಿನೀರನ್ನೇ ಹಾಕಿದರು. ಪಕ್ಕದವರ ಅವರೆಬಳ್ಳಿಗೆ ತಾಗದಿರಲೆಂದು ಕೊಳವೆಯ ಬಾಯಿಗೆ ಒಡೆದ ಕೊಡದ ತುಂಡು ಕಟ್ಟಿದ್ದರು.

ಈ ಸಲ ಸೈಟಿನ ಗಿಡವೆಲ್ಲ ಕಂದುಬಣ್ಣಕ್ಕೆ ತಿರುಗಿ ಒಣಗಿತು. ಅಂಗಡಿ ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡೆ. ಪೂರ್ತಿ ಒಳಗೆ ಹೋಯಿತು.

"ಮುಗೀತು ಅಂದ್ಕೋಬೇಡ. ಬೀಜ ಮಣ್ಣಲ್ಲಿ ಕಾಯ್ತಾ ಇರುತ್ತೆ. ನಾವೂ ಕಾಯ್ಬೇಕು" ಎಂದರು. ಕಾದರು ಕೂಡ. ಪ್ರತಿ ಮಳೆಯ ನಂತರ ಬಗ್ಗಿ, ಒಂದೊಂದು ಮೊಳಕೆ ನೋಡುತ್ತಿದ್ದರು. ಆಮೇಲೆ ನಾನು ಒಂದು ದಿನವೂ ಅಂಗಡಿ ಮುಚ್ಚಲಿಲ್ಲ, ಅವರು ಹೋದ ದಿನ ಬಿಟ್ಟರೆ.

ಹೋದ ವರ್ಷ ಎದೆನೋವು ಎಂದವರು ಆಸ್ಪತ್ರೆ ತಲುಪಲಿಲ್ಲ. ಚಾಪೆಯ ಮೇಲೆ ಮಲಗಿಸಿದಾಗ ನಾನು ಮುಖ ನೋಡಲಾರದೆ ಕೈ ನೋಡಿದೆ. ಉಗುರು ನೀಲಿಯೇ ಇತ್ತು.

ಈ ಮಳೆಗೆ ಸೈಟಿನ ಕಳೆಗೆ ಔಷಧಿ ಹೊಡೆಯಲು ಬೇರೊಬ್ಬರು ಬಂದರು. ಅವರ ಪಂಪಿನ ಮುಚ್ಚಳ ತೆಗೆಸಿ ಒಳಗೆ ಇಣುಕಿದೆ. ತಳದಲ್ಲಿ ಸುಣ್ಣದ ಬಿಳಿ.

"ಟೈಲರ್ ಅಕ್ಕಂಗೆ ಇದೆಲ್ಲ ಯಾರು ಹೇಳಿಕೊಟ್ಟಿದ್ದು?" ಎಂದು ನಕ್ಕರು.

ಹಿಂದಿನ ಮನೆಗೆ ಹೋಗಿ, ಅಣ್ಣನ ಹೆಂಡತಿ ಅತ್ತಿಗೆಯನ್ನು ಕೇಳಿ, ಅಣ್ಣ ಅಂದು ಹೊಸದಾಗಿ ಕೊಂಡಿದ್ದ ಪಂಪು ತಂದೆ. ಅದರ ಮೇಲೆ ಅವರದೇ ಕೆಂಪು ಅಕ್ಷರ: 'ಕಳೆಗೆ ಮಾತ್ರ.'

"ನಮ್ಮಣ್ಣ" ಎಂದೆ. "ಇದ್ರಲ್ಲೇ ಹೊಡೀರಿ."