ಲೋಬಾನದ ಹೊಗೆ ಮತ್ತು ಬೆಕ್ಕಿನ ಡಬ್ಬಿ

ರಾಯಚೂರಿನ ನನ್ನ ಬಾಡಿಗೆ ಕೋಣೆಗೆ ಮನೆಯೊಡತಿ ಅಜ್ಜಿ ಮುಸ್ಸಂಜೆಗೆ ಲೋಬಾನದ ಹೊಗೆ ತರುತ್ತಿದ್ದರು, ನನ್ನ ಬೆಕ್ಕಿನ ವಾಸನೆ ಹೋಗಲೆಂದು. ಹೊಗೆಯೊಳಗೆ ಬೆಕ್ಕು ಕಣ್ಣು ಅರೆಮುಚ್ಚಿ, ಮೋಡದ ಮೇಲೆ ಕೂತಂತೆ ಕಾಣುತ್ತಿತ್ತು.

"ಅಮಾಸಿ ಒಳಗ ವಾಸನಿ ಹೋಗಬೇಕು, ಇಲ್ಲಾ ಬೆಕ್ಕು ಹೋಗಬೇಕು," ಎಂದರು ಒಂದು ದಿನ.

ಬೆಕ್ಕಿನ ಮಲಮೂತ್ರಕ್ಕೆಂದು ನಾನು ಎರಡಂತಸ್ತಿನ ಹೊಸ ಡಬ್ಬಿ ತರಿಸಿದೆ. ಮೇಲಿನ ತೂತಿನ ತಟ್ಟೆಯಲ್ಲಿ ಮರದ ಪುಡಿಯ ಗುಳಿಗೆಗಳು. ಮೂತ್ರ ಕೆಳಗಿನ ತಟ್ಟೆಗೆ ಇಳಿಯುತ್ತದೆ, ವಾಸನೆ ಹಬ್ಬುವುದಿಲ್ಲ. ಬೆಕ್ಕು ಅದನ್ನು ಮೂಸಿ, ನೆಟ್ಟಗೆ ನನ್ನ ಹಾಸಿಗೆಗೆ ನಡೆಯಿತು. ಗೂಗಲ್ ಎಂಬ ಹಳ್ಳಿಯ ಹೊಳೆದಂಡೆಯಲ್ಲಿ ಹುಟ್ಟಿದ್ದು, ಅದಕ್ಕೆ ಮರಳೇ ಬೇಕು. ಹಳೆಯ ಡಬ್ಬಿಯ ಮರಳನ್ನೇ ಗುಳಿಗೆಗಳ ಮೇಲೆ ಉದುರಿಸಿದೆ. ದಿನದಿನಕ್ಕೆ ಮರಳು ಕಡಿಮೆ ಮಾಡುತ್ತ ಬಂದೆ. ಬೆಕ್ಕು ಒಪ್ಪಿಕೊಂಡಿತು.

ಅಮಾವಾಸ್ಯೆಯಂದು ಅಜ್ಜಿ ಬಾಗಿಲಲ್ಲೇ ನಿಂತು ಗಾಳಿ ಮೂಸಿದರು.

"ಖರೇನ ಬಿಟ್ಟು ಬಂದ್ಯೇನೋ ಅದನ್ನ?" ದನಿ ಸಣ್ಣಗಾಗಿತ್ತು.

"ಇಲ್ಲೇ ಅದ ಯವ್ವಾ."

ಬೆಕ್ಕು ಮಂಚದಡಿಯಿಂದ ಬಂದು ಅವರ ಕಾಲಿಗೆ ಮೈ ತೀಡಿತು.

"ಹಂಗಾರ ಇನ್ನ ಲೋಬಾನ ಬ್ಯಾಡ ಬಿಡು," ಎಂದು ಕೆಂಡದ ಬಟ್ಟಲು ಹಿಡಿದು ಕೆಳಗಿಳಿದರು.

ಈಗ ಅಜ್ಜಿ ಮೇಲೆ ಬರುವುದಿಲ್ಲ; ಮುಸ್ಸಂಜೆಯಾದರೆ ಬೆಕ್ಕು ಬಾಗಿಲನ್ನೇ ನೋಡುತ್ತ ಕೂರುತ್ತದೆ. ನಾನೂ ಅಷ್ಟೇ. ಹಳೆಯ ಡಬ್ಬಿಯನ್ನು ಇನ್ನೂ ಎಸೆದಿಲ್ಲ.